ಹಂಪೇಶನ ಓವರ್‌ಲೋಡ್ ತುಲಾಭಾರ

ಶ್ರಾವಣದ ಆ ಸೋಮವಾರ ಬೆಳಿಗ್ಗೆ ಎರ್ರಮ್ಮ ತನ್ನ ಪಾಡಿಗೆ ತಾನು ನೀರು ಹಿಡಿದುಕೊಂಡು ಹೋಗಿಬಿಟ್ಟಿದ್ದರೆ ಹಂಪೇಶನಿಗೆ ಆ ಗತಿ ಬರುತ್ತಿರಲಿಲ್ಲ. ಆದರೆ ಚಿತ್ತವಾಡ್ಗಿಯ ಆ ಓಣಿಯಲ್ಲಿ ತನ್ನ ಪಾಡಿಗೆ ತಾನು ಹೋಗುವ ಅಭ್ಯಾಸ ನಲ್ಲಿಯ ನೀರಿಗೂ ಇರಲಿಲ್ಲ. ಕೊಡವನ್ನು ಸೊಂಟಕ್ಕೇರಿಸಿಕೊಂಡು ಹೊರಟ ಎರ್ರಮ್ಮ ಪಕ್ಕದ ಮನೆಯ ಮುಂದೆ ನಿಂತಿದ್ದ ಆಟೋದೊಳಗೆ ಇಣುಕಿದಳು. ಹಿಂದಿನ ಸೀಟಿನ ತುಂಬ ಬೆಲ್ಲದ ಪೆಂಟೆಗಳು ಮದುವೆ ದಿಬ್ಬಣದವರ ಹಾಗೆ ಒತ್ತೊತ್ತಾಗಿ ಕೂತಿದ್ದವು.

"ಏನಬೇ ವಿರುಪಮ್ಮಕ್ಕ, ಬೆಲ್ಲದಂಗಡಿ ಇಡ್ತೀಯೇನ?"

ಹೊಸ್ತಿಲಿಗೆ ರಂಗೋಲಿ ಹಾಕುತ್ತಿದ್ದ ವಿರುಪಮ್ಮ ತಲೆಯೆತ್ತಿದಳು. "ಇಲ್ಲಬೇ, ನಮ್ಮ ಹಂಪೇಶಂದು ತುಲಾಭಾರ ಐತಿ ಇವತ್ತು. ಹೋದ ಶ್ರಾವಣದಾಗ ಬಸವಣ್ಣಗ ಹರಕಿ ಹೊತ್ತಿದ್ದೆ. ಮಗನ ತೂಕದಷ್ಟು ಬೆಲ್ಲ ಕೊಡ್ತೀನಿ ಅಂತ."

"ಏನ್ ಬೇಡ್ಕೊಂಡಿದ್ದಿ?"

"ಹರಕಿ ತೀರೋ ತನಕ ಅದನ್ನ ಬಾಯಿ ಬಿಡಬಾರ್ದು."

ಅಷ್ಟರಲ್ಲಿ ಹಂಪೇಶ ಸ್ನಾನ ಮುಗಿಸಿ, ಹಣೆಗೆ ವಿಭೂತಿ ಹಚ್ಚಿ, ಪಂಚೆಯುಟ್ಟು ಹೊರಗೆ ಬಂದ. ಎರ್ರಮ್ಮ ಅವನನ್ನು ನೋಡಿದಳು, ಬೆಲ್ಲವನ್ನು ನೋಡಿದಳು, ಮತ್ತೆ ಅವನನ್ನು ನೋಡಿದಳು. ಸಂತೆಯಲ್ಲಿ ಎತ್ತಿಗೆ ಬೆಲೆ ಕಟ್ಟುವವರ ನೋಟ ಅದು.

"ಅಯ್ಯ! ಇದು ಹೋದ ವರ್ಷದ ಹಂಪೇಶನ ಬೆಲ್ಲ. ಈ ವರ್ಷದ ಹಂಪೇಶ ಇದಕ್ಕ ಎಲ್ಲಿ ಸಾಲ್ತಾನಬೇ?"

ಮಾತು ನಿಜವಾಗಿತ್ತು. ಸಂಡೂರು ರಸ್ತೆಯ ಒಂದು ವೇಬ್ರಿಡ್ಜ್‌ನಲ್ಲಿ ಹಂಪೇಶನ ಕೆಲಸ. ಅದಿರು ಹೊತ್ತ ಲಾರಿಗಳು ಬಂದು ನೆಲದ ಕಬ್ಬಿಣದ ಹಾಸಿನ ಮೇಲೆ ನಿಲ್ಲುತ್ತವೆ. ಇವನು ಗಾಜಿನ ಕೋಣೆಯಲ್ಲಿ ಕೂತು ತೂಕ ಓದಿ ಚೀಟಿ ಹರಿದು ಕೊಡುತ್ತಾನೆ. ಓವರ್‌ಲೋಡ್ ಲಾರಿಯನ್ನು ವಾಪಸು ಕಳಿಸುವುದರಲ್ಲಿ ಅವನದು ಎತ್ತಿದ ಕೈ. ಹೋದ ವರ್ಷ ಒಬ್ಬ ಡ್ರೈವರ್ ತಕರಾರು ತೆಗೆದಾಗ ಹಂಪೇಶ ಸಿಟ್ಟಿನಲ್ಲಿ ಹೊರಗೆ ಬಂದು ಲಾರಿಯ ಪಕ್ಕದಲ್ಲೇ, ಅದೇ ಹಾಸಿನ ಮೇಲೆ ನಿಂತು, "ತೂಕ ಜಾಸ್ತಿ ಐತಲೇ, ಕಣ್ಣ ಕಾಣಲ್ಲೇನು?" ಎಂದು ಕೂಗಿದ್ದ. ಡ್ರೈವರ್ ನಿಧಾನವಾಗಿ, "ಸಾಹೇಬ್ರ, ಮೊದ್ಲು ನೀವು ಕೆಳಗಿಳೀರಿ, ಆಮ್ಯಾಲೆ ನೋಡೋಣು" ಎಂದ. ಹಂಪೇಶ ಇಳಿದ. ಲಾರಿ ಪಾಸಾಯಿತು.

ಆ ಕತೆ ಲಾರಿಗಿಂತ ಮೊದಲು ಊರು ಮುಟ್ಟಿತು. ಹಂಪೇಶ ಅಂದೇ ಮೈ ಇಳಿಸುವ ಶಪಥ ಮಾಡಿದ.

ಅವನು ಹಿಡಿದ ದಾರಿಗಳೆಲ್ಲ ಅವನವೇ. ಬೆಳಕು ಹರಿಯುವ ಮುಂಚೆ ಕಾಲುವೆ ದಂಡೆಯ ಮೇಲೆ ಬಿರುಸಿನ ನಡಿಗೆ. ಚಹಾಕ್ಕೆ ಸಕ್ಕರೆ ಬಂದ್. ಊಟಕ್ಕೆ ಮುಂಚೆ ಒಂದು ಚೆಂಬು ನೀರು. ದೊಡ್ಡ ತಾಟು ಅಟ್ಟ ಸೇರಿತು. ಮಗಳು ಸಣ್ಣವಳಿದ್ದಾಗ ಉಣ್ಣುತ್ತಿದ್ದ ಹೂವಿನ ಚಿತ್ರದ ಪುಟ್ಟ ತಾಟು ಕೆಳಗಿಳಿಯಿತು. ಅದರಲ್ಲಿ ಒಂದು ಜೋಳದ ರೊಟ್ಟಿ, ಪುಂಡಿಪಲ್ಲೆ ಇಟ್ಟರೆ ಮೂರನೆಯದಕ್ಕೆ ಜಾಗವಿಲ್ಲ. ಮೈ ಇಳಿದ ಮೇಲೆ ಹಳೆಯ ದೊಡ್ಡ ಪ್ಯಾಂಟುಗಳನ್ನೆಲ್ಲ ಓಣಿಯವರಿಗೆ ಹಂಚಿಬಿಟ್ಟ. "ವಾಪಸ್ ಹೋಗಾಕ ದಾರೀನ ಇರಬಾರ್ದು" ಎಂದು ಹೆಂಡತಿ ತುಳಸಿಗೆ ಹೇಳಿದ. "ಇಳಿಸೋದು ದೊಡ್ಡದಲ್ಲ, ಇಳಿಸಿದ್ದನ್ನ ಉಳಿಸ್ಕೊಳ್ಳೋದು ದೊಡ್ಡದು."

ಇವೆಲ್ಲದಕ್ಕಿಂತ ಕಷ್ಟದ ಕೆಲಸ ಅವ್ವನ ಸೌಟು ತಪ್ಪಿಸುವುದು. ವಿರುಪಮ್ಮನದು ಮಾತಿಗಿಂತ ಮುಂಚೆ ಬಡಿಸುವ ಕೈ. "ಸಾಕು" ಎನ್ನುವ ಶಬ್ದಕ್ಕೆ ಅವಳು ತಿಳಿದ ಅರ್ಥ "ಇನ್ನೊಂದು ಸೌಟು". ಹಂಪೇಶ ಎರಡು ಕೈಯನ್ನೂ ತಾಟಿನ ಮೇಲೆ ಹರಡಿ, ಕೋಳಿ ಮರಿಗಳನ್ನು ಕಾಯುವ ಹಾಗೆ ಕಾಯಬೇಕಾಗಿತ್ತು. ಆದರೂ ಬೆರಳ ಸಂದಿಯಿಂದ ತುಪ್ಪ ಇಳಿಯುತ್ತಿತ್ತು. "ಸೊರಗಿ ಸಣಬಿನ ಕಡ್ಡಿ ಆಗೀದಿ" ಎಂದು ವರ್ಷವಿಡೀ ಗೊಣಗಿದ ಅವ್ವ, ಮಗ ಚೆಂದ ಕಾಣುತ್ತಾನೆ ಎಂದು ಒಮ್ಮೆಯೂ ಅಂದಿರಲಿಲ್ಲ. ಹಂಪೇಶನಿಗೆ ಅದೊಂದೇ ಕೊರಗು.

ಈಗ ಎರ್ರಮ್ಮನ ಮಾತು ಕೇಳಿ ವಿರುಪಮ್ಮನ ಕೈಯಿಂದ ರಂಗೋಲಿ ಬಟ್ಟಲು ಜಾರಿತು.

"ಹೌದಲ್ಲಬೇ! ಹರಕಿ ಹೊತ್ತಾಗ ಇವ ಎಷ್ಟಿದ್ನೋ ಅಷ್ಟು ಅಂದಾಜ್ ಮಾಡಿ ತಂದುಬಿಟ್ಟೀನಿ."

"ಹೆಚ್ಚಾದ್ರ ಉಳಿಸ್ಕೊಂಡ್ರ ಆತು" ಎಂದ ಹಂಪೇಶ.

"ಬಾಯಿ ಮುಚ್ಚಪ!" ಎರ್ರಮ್ಮ ಕೊಡವನ್ನು ಕೆಳಗಿಟ್ಟಳು. ಕೊಡ ಕೆಳಗಿಟ್ಟಳೆಂದರೆ ಮಾತು ಬೇಗ ಮುಗಿಯುವುದಿಲ್ಲ ಎಂದು ಅರ್ಥ. "ದೇವ್ರ ಹೆಸರ್ಲೆ ತಂದ ಬೆಲ್ಲ ಕಡಿಮಿ ಮಾಡಿದ್ರ ಬಸವಣ್ಣ ಸುಮ್ನಿರ್ತಾನೇನ? ಕೊಟ್ಟಿದ್ನ ವಾಪಸ್ ಕಸ್ಕೊಂತಾನ."

ವಿರುಪಮ್ಮನ ಮುಖ ಬಿಳಿಚಿತು. "ವಾಪಸ್ ಕಸ್ಕೊಂತಾನ?"

"ಮತ್ತ! ಬೆಲ್ಲ ಇಳಿಸಾಕ ಬರಲ್ಲ ಅಂದ್ರ ಮಗನ್ನ ಏರಿಸ್ರಿ. ಗುಡಿ ಮುಟ್ಟೋದ್ರಾಗ ಹೊಟ್ಟಿಗೆ ಗಟ್ಟಿಯಾಗಿ ಹಾಕ್ರಿ."

"ಹರಕಿ ಅಂದ್ರ ಉಪವಾಸ ಇರಬೇಕಲ್ಲಕ್ಕ?" ಹಂಪೇಶ ಕೊನೆಯ ಅಸ್ತ್ರ ಬಿಟ್ಟ.

"ಉಪವಾಸ ಹೊತ್ತಾಕಿಗೆ. ತೂಗಿಸ್ಕೊಳ್ಳಾವಗಲ್ಲ."

ಈ ಧರ್ಮಸೂಕ್ಷ್ಮಕ್ಕೆ ತಲೆಬಾಗಿ ಹಂಪೇಶ ಊಟಕ್ಕೆ ಕೂತ. ಅಟ್ಟದಿಂದ ದೊಡ್ಡ ತಾಟು ಇಳಿಯಿತು. ವರ್ಷವಿಡೀ ಬಡಿಸಲಾಗದ್ದನ್ನೆಲ್ಲ ಒಂದೇ ಬೆಳಿಗ್ಗೆ ಬಡಿಸುವ ಭಾಗ್ಯ ಸಿಕ್ಕ ವಿರುಪಮ್ಮ ಗೋಧಿ ಹುಗ್ಗಿಯ ಪಾತ್ರೆಯನ್ನೇ ಮುಂದೆ ಎಳೆದುಕೊಂಡು ಕೂತಳು. ನಡುವೆ ತುಪ್ಪದ ಹೊಂಡ, ದಂಡೆಯಲ್ಲಿ ಬಾಳೆಹಣ್ಣು. ಎರ್ರಮ್ಮ ತನ್ನ ಮನೆಗೆ ಓಡಿ ಒಗ್ಗರಣೆ ಮಂಡಕ್ಕಿ, ಬಿಸಿ ಮಿರ್ಚಿ ತಂದು ಸುರಿದಳು.

"ತುಳಸೀ, ನೀನಾರ ಹೇಳಬಾರ್ದೇನ?" ಹಂಪೇಶ ಹೆಂಡತಿಯ ಕಡೆ ದೈನ್ಯದಿಂದ ನೋಡಿದ.

ತುಳಸಿ ಸೆರಗು ಬಾಯಿಗಿಟ್ಟುಕೊಂಡು, "ದೇವ್ರ ಕೆಲಸದಾಗ ನಾ ಬಾಯಿ ಹಾಕಲ್ಲರೀ. ಬಾಯಿ ಹಾಕೋದು ನಿಮ್ಮ ಪಾಳಿ" ಎಂದಳು.

ಮೊದಲ ತುತ್ತು ಕಣ್ಣು ಮುಚ್ಚಿಕೊಂಡು ತಿಂದ. ಎರಡನೆಯದನ್ನು ಕಣ್ಣು ತೆರೆದುಕೊಂಡು ತಿಂದ. ಮೂರನೆಯ ಮಿರ್ಚಿಗೆ ಕೈ ತಾನೇ ಹೋದಾಗ ಅವನಿಗೆ ನಿಜವಾಗಿ ಹೆದರಿಕೆಯಾಯಿತು.

ಆಟೋ ಹತ್ತುವ ಹೊತ್ತಿಗೆ ಉಸಿರು ಮೇಲೆ ಕೆಳಗೆ ಆಗುತ್ತಿತ್ತು. ಆಟೋದ ಯಜಮಾನ ಜಂಬುನಾಥ ಅದೇ ಓಣಿಯವನು. ಮೊದಲು ಅದಿರು ಲಾರಿ ಓಡಿಸುತ್ತಿದ್ದವನು. ವೇಬ್ರಿಡ್ಜ್‌ನಲ್ಲಿ ಹಂಪೇಶ ಅವನ ಲಾರಿಯನ್ನು ಎಷ್ಟೋ ಸಲ ವಾಪಸು ಅಟ್ಟಿದ್ದ. ಅವನು ಹಂಪೇಶನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಲೊಚಗುಟ್ಟಿದ.

"ಹುಗ್ಗಿ ಉಂಡ್ರ ಎಷ್ಟು ಏರ್ತೈತಿ ಅಣ್ಣ? ಎರಡು ಕಿಲೋ ಏರಬಹುದು. ಸಾಲಲ್ಲ. ಲೋಡ್ ಹೆಂಗ ಏರಿಸಬೇಕಂತ ನಮ್ಮಂಥೋರ್ನ ಕೇಳ್ರಿ."

"ಲೇ ಜಂಬುನಾಥ, ನಿನ್ನ ಕಳ್ಳ ವಿದ್ಯಾ ದೇವ್ರ ಮುಂದ ಬ್ಯಾಡ."

"ಕಳ್ಳತನ ಅಂದ್ರ ತೂಕ ಕಡಿಮಿ ಕೊಡೋದು. ನಾವು ದೇವ್ರಿಗೆ ಜಾಸ್ತಿ ಕೊಡಾಕ ಹೊಂಟೀವಿ. ಇದ್ಯಾವ ಸೀಮಿ ಕಳ್ಳತನ?"

ವಿರುಪಮ್ಮನಿಗೆ ಈ ನ್ಯಾಯ ಪೂರ್ತಿ ಒಪ್ಪಿಗೆಯಾಯಿತು. ಎರ್ರಮ್ಮ ಕರೆಯದಿದ್ದರೂ ಹತ್ತಿ ಕೂತಳು. ಬೆಲ್ಲ, ಮೂವರು ಹೆಂಗಸರು, ಹುಗ್ಗಿ ತುಂಬಿದ ಹಂಪೇಶ ಇಷ್ಟನ್ನೂ ಹೊತ್ತ ಆಟೋ ಹಂಪಿ ರಸ್ತೆಯಲ್ಲಿ ಬಸುರಿ ಎಮ್ಮೆಯ ಹಾಗೆ ಹೊರಟಿತು. ದಾರಿಯಲ್ಲಿ ಬಾಳೆಗೊನೆ ಮಾರುವವನನ್ನು ಕಂಡಲ್ಲೆಲ್ಲ ಎರ್ರಮ್ಮ, "ತರುಬು, ತರುಬು" ಎಂದಳು. ಸಿಪ್ಪೆ ಸುಲಿದು ಹಂಪೇಶನ ಕೈಗೆ ಕೊಡುವ ಕೆಲಸವನ್ನೂ ತಾನೇ ವಹಿಸಿಕೊಂಡಳು.

ಕಡ್ಡಿರಾಂಪುರ ಇನ್ನೇನು ಬಂತೆನ್ನುವಾಗ ಜಂಬುನಾಥ ಕಾಲುವೆ ಪಕ್ಕಕ್ಕೆ ಆಟೋ ನಿಲ್ಲಿಸಿ, ಸೀಟಿನ ಕೆಳಗಿನಿಂದ ಒಂದು ದಪ್ಪ ಕರಿ ಕಂಬಳಿ ಎಳೆದ.

"ಅದಿರಿಗೆ ನೀರು ಹೊಡದ್ರ ತೂಕ ಏರ್ತೈತಿ, ನಿಮಗ ಗೊತ್ತಿರೋದ ಐತಿ. ಇದನ್ನ ಹೊದ್ಕೊಂಡು ಮೂರು ಮುಳುಗು ಹಾಕ್ರಿ. ಒದ್ದಿ ಬಟ್ಟೀಲೆ ಹರಕಿ ತೀರಿಸೋದು ಮಡೀನೂ ಆತು, ಲೋಡೂ ಆತು."

"ನಾ ಒಲ್ಲೆ" ಎಂದ ಹಂಪೇಶ.

"ನನ್ನಪ್ಪ," ಎಂದಳು ವಿರುಪಮ್ಮ. ಅವಳ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. "ನಿನ್ನ ಸಲುವಾಗಿ ಹೊತ್ತೀನಿ. ಇದೊಂದು ಸಲ ನನ್ನ ಮಾತು ಕೇಳು. ಆ ಬಸವಣ್ಣ ಕೊಟ್ಟಿದ್ನ ವಾಪಸ್ ತಗೊಂಡ್ರ ನಾ ಏನ್ ಮಾಡ್ಲಿ?"

ಹಂಪೇಶನ ಎದೆ ಕರಗಿತು. ಕಂಬಳಿ ಹೊದ್ದು ಕಾಲುವೆಗಿಳಿದ. ಮೇಲೆ ಬರುವಾಗ ಅವನನ್ನು ಎಳೆಯಲು ಇಬ್ಬರು ಬೇಕಾದರು. ಇಷ್ಟು ಸಾಲದೆಂದು ಜಂಬುನಾಥ ಜಾಕಿ, ಪಾನಾ, ಎರಡು ಕಬ್ಬಿಣದ ಸಲಾಕೆ ತಂದು ಪಂಚೆಯೊಳಗೆ ಸೊಂಟದ ಸುತ್ತ ಹಗ್ಗದಿಂದ ಬಿಗಿದ. ದಾರಿಹೋಕರೊಬ್ಬರು ಸೈಕಲ್ ನಿಲ್ಲಿಸಿ ವಿಷಯ ಕೇಳಿ ತಿಳಿದು, ಪುಣ್ಯದಲ್ಲಿ ತಮ್ಮದೂ ಒಂದು ಪಾಲಿರಲೆಂದು ಎರಡು ದುಂಡು ಕಲ್ಲು ಆರಿಸಿ ಕಂಬಳಿಯ ಮೂಲೆಗೆ ಕಟ್ಟಿಕೊಟ್ಟರು.

ಬಾಳೆತೋಟಗಳ ನಡುವೆ, ಬಂಡೆಗುಡ್ಡಕ್ಕೆ ಒರಗಿದಂತೆ ಬಸವಣ್ಣನ ಸಣ್ಣ ಗುಡಿ. ಹಂಪೇಶ ಆಟೋದಿಂದ ಇಳಿದು ನಡೆದ. ಪ್ರತಿ ಹೆಜ್ಜೆಗೂ ಒಳಗೆ ಕಬ್ಬಿಣ ಖಣ್ ಖಣ್ ಎನ್ನುತ್ತಿತ್ತು, ಹೊಟ್ಟೆಯಲ್ಲಿ ಹುಗ್ಗಿ ಬುಳುಕ್ ಎನ್ನುತ್ತಿತ್ತು, ಕಂಬಳಿಯಿಂದ ನೀರು ಸೋರುತ್ತಿತ್ತು. ಗುಡಿಯ ಕಟ್ಟೆಯ ಮೇಲಿದ್ದವರು, ಯಾರೋ ದೊಡ್ಡ ಭಕ್ತರು ಬಂದರೆಂದು ಎದ್ದು ದಾರಿ ಬಿಟ್ಟರು.

ಪೂಜಾರಿ ಕೊಟ್ರಯ್ಯ ಮಂಟಪದ ತೊಲೆಗೆ ತೂಗುಹಾಕಿದ್ದ ದೊಡ್ಡ ತಕ್ಕಡಿಗೆ ಕುಂಕುಮ ಹಚ್ಚಿ ಕಾಯುತ್ತಿದ್ದ. ಒಂದು ಪರಡಿಗೆ ಬೆಲ್ಲದ ಪೆಂಟೆಗಳೆಲ್ಲ ಏರಿದವು. ಇನ್ನೊಂದರಲ್ಲಿ ಹಂಪೇಶ "ಬಸವಣ್ಣ, ಕಾಪಾಡಪ್ಪ" ಎಂದು ಕೂತ.

ದಡಾರ್!

ಹಂಪೇಶನ ಪರಡಿ ನೆಲಕ್ಕೆ ಬಡಿಯಿತು. ಆ ಕಡೆಯ ಪರಡಿ ಎಗರಿ, ಮೇಲಿದ್ದ ಒಂದು ಪೆಂಟೆ ಜಿಗಿದು ಗಂಟೆಗೆ ಬಡಿದು ಢಣ್ ಎನ್ನಿಸಿ, ಎರ್ರಮ್ಮನ ಮಡಿಲಿಗೆ ಬಿತ್ತು. ಭಕ್ತರು "ಹರ ಹರ ಮಹಾದೇವ" ಎಂದರು.

"ಸ್ವಲ್ಪ ಜಾಸ್ತಿ ಆತು" ಎಂದ ಜಂಬುನಾಥ, ಪಿಸುದನಿಯಲ್ಲಿ.

ಕೊಟ್ರಯ್ಯ ತಕ್ಕಡಿಯನ್ನೂ ಹಂಪೇಶನನ್ನೂ ಮೂರು ಸಲ ನೋಡಿದ. ಮಂತ್ರಾಕ್ಷತೆ ಕೈಯಲ್ಲಿ ಹಿಡಿದು, "ಇರ್ಲಿ, ಬೆಲ್ಲ ಇನ್ನೂ ತರಿಸಿದ್ರಾತು. ಮೊದ್ಲು ಸಂಕಲ್ಪ ಮಾಡ್ಸೋಣು. ಏನಂತ ಹೊತ್ತಿದ್ದೆವ್ವ ಹರಕಿ? ಈಗ ದೇವ್ರ ಮುಂದ ಬಾಯಿ ಬಿಟ್ಟು ಹೇಳ್ಬೇಕು" ಎಂದ.

ವಿರುಪಮ್ಮ ಸೆರಗು ಹೊದ್ದು ಕೈ ಮುಗಿದಳು. ಎರ್ರಮ್ಮ ಮುಂದೆ ಬಾಗಿದಳು. ಬೆಳಗಿನಿಂದ ಅವಳು ಕಾದಿದ್ದೇ ಈ ಗಳಿಗೆಗೆ.

"ನನ್ನ ಮಗನ ಮೈ ಇಳೀಲಿ, ಅವ ತೆಳ್ಳಗಾಗ್ಲಿ ಅಂತರೀ ಅಯ್ಯನೋರ."

ಕೊಟ್ರಯ್ಯನ ಕೈಯ ಅಕ್ಷತೆ ಕೈಯಲ್ಲೇ ಉಳಿಯಿತು. ನೆಲ ಕಚ್ಚಿದ ಪರಡಿಯಲ್ಲಿ, ಕಂಬಳಿಯೊಳಗೆ, ಆನೆಯ ಹಾಗೆ ಕೂತಿದ್ದ ಹಂಪೇಶನ ಕಡೆ ಅವನು ಮತ್ತೊಮ್ಮೆ ನೋಡಿದ.

"ತಾಯೀ... ಹರಕಿ ಇನ್ನೂ ಫಲ ಕೊಟ್ಟಂಗಿಲ್ಲಲ್ಲ?"

ಕಟ್ಟೆಯ ಮೇಲಿದ್ದವರಲ್ಲಿ ಯಾರೋ ಕಿಸಕ್ಕೆಂದರು. ತುಳಸಿ ಕಂಬ ಹಿಡಿದುಕೊಂಡು ಕೂತೇಬಿಟ್ಟಳು. ನಗು ಒಬ್ಬರಿಂದೊಬ್ಬರಿಗೆ ಹತ್ತಿ ಇಡೀ ಮಂಟಪಕ್ಕೆ ಹರಡಿತು.

"ಕೊಟ್ಟೈತ್ರೀ!" ಹಂಪೇಶ ಕೂಗಿದ. ಎದ್ದು ನಿಲ್ಲಲು ನೋಡಿದ, ಆಗಲಿಲ್ಲ. ಕೂತಲ್ಲೇ ಕಂಬಳಿ ಕಿತ್ತೆಸೆದ. ದುಂಡು ಕಲ್ಲು ಉರುಳಿದವು. ಪಂಚೆಯೊಳಗೆ ಕೈ ಹಾಕಿ ಹಗ್ಗ ಬಿಚ್ಚಿದ. ಜಾಕಿ ಬಿತ್ತು, ಪಾನಾ ಬಿತ್ತು, ಸಲಾಕೆ ಎರಡೂ ಬಿದ್ದವು. ಕೊಟ್ರಯ್ಯ ಬಾಯಿ ತೆರೆದುಕೊಂಡು, "ಇದೇನಪ, ಒಳಗ ಗ್ಯಾರೇಜ್ ಇಟ್ಟೀಯೇನು?" ಎಂದ.

ಹಂಪೇಶ ಅವ್ವನ ಕಡೆ ತಿರುಗಿದ. ಅವನಿಗೆ ನಗು ಬರುತ್ತಿತ್ತೋ ಅಳು ಬರುತ್ತಿತ್ತೋ ತಿಳಿಯುತ್ತಿರಲಿಲ್ಲ.

"ಯವ್ವ, ನಾ ತೆಳ್ಳಗಾಗ್ಲಿ ಅಂತ ಹರಕಿ ಹೊತ್ತಾಕಿ ನೀನಾ? ಮತ್ತ ವರ್ಷ ಪೂರ್ತಿ ತಾಟಿಗೆ ತುಪ್ಪ ಸುರದಾಕಿ ಯಾರು?"

"ಅದೂ ನಾನ" ಎಂದಳು ವಿರುಪಮ್ಮ, ಇದರಲ್ಲಿ ಕೇಳುವಂಥದ್ದೇನಿದೆ ಎಂಬ ಧಾಟಿಯಲ್ಲಿ. "ನಮ್ಮನಿ ಮಾಳಿಗಿ ಮೆಟ್ಟಿಲು ಹತ್ತಾಕ ನೀ ತೇಕೋದು ನೋಡಿ ನನ್ನ ಜೀವ ಹೋಗಿತ್ತಪ. ನಿನ್ನ ಊಟ ಕಡಿಮಿ ಮಾಡ್ಬೇಕಂತ ನಂಗೂ ಗೊತ್ತಿತ್ತು. ಆದ್ರ ಹೆತ್ತಾಕಿ ಮಗನ ತಾಟಿಗೆ ಇಕ್ಕೋದು ಬಿಡಾಕ ಆಗ್ತೈತೇನ್ರೀ ಅಯ್ಯನೋರ? ನನ್ನ ಕೈಲೆ ಆಗಲ್ಲ ಅಂತ ಆ ಕೆಲಸ ಬಸವಣ್ಣಗ ವಹಿಸಿದ್ದೆ. ಅವ ಮಾಡಿಕೊಟ್ಟ. ಬೆಲ್ಲ ಕಡಿಮಿ ಆದ್ರ ಎಲ್ಲಿ ಸಿಟ್ಟಾಗಿ ಮಗನ್ನ ಮತ್ತ ದಪ್ಪ ಮಾಡಿಬಿಡ್ತಾನೋ ಅಂತ ಹೆದರಿ..."

"ಅಂತ ನನ್ನ ದಪ್ಪ ಮಾಡ್ಕೊಂಡು ಬಂದಿ!"

"ಹ್ಞೂಂ" ಎಂದಳು ವಿರುಪಮ್ಮ. ಆಮೇಲೆ ಮಗನನ್ನು ಕಣ್ತುಂಬ ನೋಡಿ, "ಎಷ್ಟು ಚೆಂದ ಕಾಣ್ತೀಯಪ ಈಗ. ನಿಮ್ಮಪ್ಪ ಮದಿವ್ಯಾಗ ಹಿಂಗ ಇದ್ದ" ಎಂದಳು.

ಕಾಲುವೆ ದಂಡೆಯ ನಡಿಗೆ, ಸಪ್ಪೆ ಚಹಾ, ಹೂವಿನ ತಾಟು ಎಲ್ಲದರ ಹೊಗಳಿಕೆಯೂ ಬಸವಣ್ಣನ ಪಾಲಾಗಿತ್ತು ನಿಜ. ಆದರೆ ಈ ಒಂದು ಮಾತು ತನ್ನ ಪಾಲಿಗೆ ಬಂದಿತಲ್ಲ, ಸಾಕು ಎಂದು ಹಂಪೇಶನಿಗೆ ಅನ್ನಿಸಿತು.

ಕೊಟ್ರಯ್ಯ ಅವನನ್ನು ಒಣಗಿದ ಪಂಚೆಯೊಂದರಲ್ಲಿ ಮತ್ತೆ ತೂಗಿದ. ಈ ಸಲ ಬೆಲ್ಲದ ಪರಡಿ ಕೆಳಗಿಳಿಯಿತು, ಹಂಪೇಶ ಉಯ್ಯಾಲೆಯಲ್ಲಿ ಕೂತ ಮಗುವಿನ ಹಾಗೆ ಮೇಲೇರಿದ. ಹರಕೆ ಫಲಿಸಿದೆಯೆಂದು ಎಲ್ಲರಿಗೂ ಕಣ್ಣಾರೆ ಕಂಡಿತು. ಪೆಂಟೆಗಳನ್ನು ಒಂದೊಂದಾಗಿ ಇಳಿಸಿದ ಮೇಲೆ ತಕ್ಕಡಿ ಸಮಕ್ಕೆ ನಿಂತಿತು. ಎರ್ರಮ್ಮನೇ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದಳು.

"ಉಳಿದ ಬೆಲ್ಲ?" ಎಂದು ಕೇಳಿದ್ದೂ ಅವಳೇ.

"ದೇವ್ರ ಮುಂದ ಬಂದದ್ದು ಪ್ರಸಾದ ಆತು" ಎಂದ ಕೊಟ್ರಯ್ಯ. "ಮಾರಂಗಿಲ್ಲ, ಚೆಲ್ಲಂಗಿಲ್ಲ. ಮನ್ಯಾಗ ಮಾಡಿ ಉಣ್ರಿ, ಓಣ್ಯಾಗ ಹಂಚ್ರಿ."

ಮಂಗಳಾರತಿಯಾದ ಮೇಲೆ ವಿರುಪಮ್ಮ ಬಸವಣ್ಣನ ಮುಂದೆ ಕಣ್ಣು ಮುಚ್ಚಿ ಬಹಳ ಹೊತ್ತು ನಿಂತಳು. ತುಟಿ ಅಲ್ಲಾಡುತ್ತಿತ್ತು. ಕೃತಜ್ಞತೆ ಹೇಳುತ್ತಿದ್ದಾಳೆ ಎಂದುಕೊಂಡು ಹಂಪೇಶನೂ ಪಕ್ಕದಲ್ಲಿ ಭಕ್ತಿಯಿಂದ ಕೈ ಮುಗಿದ.

ಸಂಜೆ ಮನೆಯಲ್ಲಿ ಹೋಳಿಗೆಯ ಘಮ ಓಣಿಯ ತಿರುವಿನವರೆಗೂ ಹಬ್ಬಿತು. ಅರ್ಧ ಓಣಿ ಒಳಗೇ ಇತ್ತು. ಬೆಳಗಿನ ಹುಗ್ಗಿ ಇನ್ನೂ ಕರಗದ ಹಂಪೇಶ ಹೂವಿನ ತಾಟು ಹಾಕಿಕೊಂಡು, ಹಣ್ಣು ಮಾತ್ರ ಸಾಕೆಂದು ಗಟ್ಟಿ ಮನಸ್ಸು ಮಾಡಿ ಕೂತ. ಹೋಳಿಗೆಯ ಬುಟ್ಟಿ, ತುಪ್ಪದ ಗಿಂಡಿ ಹಿಡಿದು ವಿರುಪಮ್ಮ ಹತ್ತಿರ ಬಂದದ್ದೇ ತಡ, ಎರಡೂ ಕೈಯನ್ನು ತಾಟಿನ ಮೇಲೆ ಹರಡಿ ಯುದ್ಧಕ್ಕೆ ಸಿದ್ಧನಾದ.

"ಹೋಳಿಗಿ ಹಾಕ್ಲೇನಪ?"

"ಬ್ಯಾಡಬೇ."

"ಆತು, ಬಿಡು."

ಅವಳು ಬುಟ್ಟಿಯನ್ನೂ ಗಿಂಡಿಯನ್ನೂ ಅವನ ಪಕ್ಕದಲ್ಲೇ ಇಟ್ಟು, ಗೋಡೆಗೆ ಒರಗಿ ಕೂತು ಎಲೆ ಅಡಿಕೆ ಚೀಲ ಬಿಚ್ಚಿದಳು. ಇಡೀ ಮನೆ ಬೆರಗಾಯಿತು. ಹಂಪೇಶನ ಕೈ ತಾಟಿನ ಮೇಲೇ ಉಳಿಯಿತು. ದಾಳಿಯೇ ಇಲ್ಲದ ಕೋಟೆ ಕಾಯುವುದು ಹೇಗೆಂದು ಅವಕ್ಕೆ ತಿಳಿಯಲಿಲ್ಲ.

"ಯವ್ವ, ಆರಾಮ ಅದೀಯಿಲ್ಲೋ?"

"ಭಾಳ ಆರಾಮ ಅದೀನಿ. ಇನ್ನ ಮ್ಯಾಗ ನಾ ನಿನಗ ಒತ್ತಾಯ ಮಾಡಲ್ಲಪ. ನನ್ನ ಕೈಲೆ ಆಗದ ಕೆಲಸ ಯಾರಿಗೆ ವಹಿಸಬೇಕೋ ಅವರಿಗೆ ವಹಿಸಿ ಬಂದೀನಿ." ಎಲೆಗೆ ಸುಣ್ಣ ಹಚ್ಚುತ್ತ ಅವಳು ನೆಮ್ಮದಿಯಿಂದ ನಕ್ಕಳು. "ತೆಳ್ಳಗಾದದ್ದು ಚೆಂದ, ಆದ್ರ ಇಷ್ಟೊಂದು ಬ್ಯಾಡಾಗಿತ್ತು. ಈ ಸಲ ಬೆಲ್ಲ ಅಲ್ಲ, ಬೆಣ್ಣಿ ಅಂತ ಹೇಳೀನಿ. ಬರೋ ಶ್ರಾವಣಕ್ಕ ಎರಡು ಆಟೋ ಬೇಕಾಗ್ತಾವಂತ ಜಂಬುನಾಥಗೂ ಹೇಳಿಬಿಟ್ಟೀನಿ."

ಜಂಬುನಾಥ ಬಾಯಿ ತುಂಬ ಹೋಳಿಗೆ ಇಟ್ಟುಕೊಂಡೇ ಹೌದೆಂದು ತಲೆಯಾಡಿಸಿದ.

ಹೊಸ ಹರಕೆ ಏನೆಂದು ಹಂಪೇಶನಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಅವ್ವನ ಸೌಟಿನೊಡನೆ ಅವನು ವರ್ಷವಿಡೀ ಗುದ್ದಾಡಬಲ್ಲ. ಆದರೆ ಬಸವಣ್ಣನೊಡನೆ? ಹೋದ ಸಲ ಆತ ಕೆಲಸ ಎಷ್ಟು ಚೊಕ್ಕಟವಾಗಿ ಮುಗಿಸಿಕೊಟ್ಟಿದ್ದನೆಂದು ಬೆಳಿಗ್ಗೆಯಷ್ಟೇ ಊರಿಗೆಲ್ಲ ಗೊತ್ತಾಗಿತ್ತು.

ಪಕ್ಕದ ಬುಟ್ಟಿಯಿಂದ ಬಿಸಿ ಹೋಳಿಗೆಯ ಹಬೆ ಏಳುತ್ತಿತ್ತು. ಯಾರೂ "ತಿನ್ನು" ಎನ್ನಲಿಲ್ಲ. ಯಾರೂ ಅವನ ಕಡೆ ನೋಡಲೂ ಇಲ್ಲ. ಹಂಪೇಶ ಸ್ವಲ್ಪ ಹೊತ್ತು ತನ್ನ ಎರಡು ಕೈಗಳನ್ನೇ ದಿಟ್ಟಿಸಿದ. ಅವು ನಿಧಾನವಾಗಿ, ಅವನನ್ನು ಒಂದು ಮಾತೂ ಕೇಳದೆ, ತಾಟಿನ ಮೇಲಿಂದ ಸರಿದವು.

"ತುಳಸೀ," ಎಂದ ಹಂಪೇಶ, "ಮುಂಜಾನಿ ಇಳಿಸಿದ ಆ ದೊಡ್ಡ ತಾಟು ಮತ್ತ ಅಟ್ಟಕ್ಕ ಇಟ್ಟೀಯೇನು?"